ಅವಳ ತಲೆಯ ಮೇಲಿನ ಎರಡು ಸಾಲು

ಹನ್ನೊಂದು ಸ್ಲೈಡುಗಳ ಪಟ್ಟಿಯನ್ನು ಕಾರ್ಯದರ್ಶಿಗಳು ನನ್ನ ಕೈಗಿಟ್ಟಾಗ ಕಾಫಿ ಇನ್ನೂ ಬಿಸಿಯಾಗಿತ್ತು. ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನ ಸದಸ್ಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ, ಪಿಂಗ್‌ಪಾಂಗ್ ಮೇಜನ್ನು ಮಡಚಿ ಗೋಡೆಗೆ ಒರಗಿಸಿ ಮಾಡಿಕೊಂಡ ಜಾಗದಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ನಾಟಕಕ್ಕೆ ಇನ್ನು ಮೂರು ವಾರ. ಕಾರ್ಯದರ್ಶಿಗಳೆಂದರೆ ನಮ್ಮ ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ. ಲಿಸ್ಲ್‌ನ ಆಫೀಸೊಂದರಲ್ಲಿ ದೊಡ್ಡ ಹುದ್ದೆ, ಬೆಣ್ಣೆಯಂಥ ಮಾತು.

"ಸಣ್ಣಪುಟ್ಟ ಚೇಂಜಸ್ ಮೇಡಂ. ಕನ್ನಡದಲ್ಲಿ ಒಂದಕ್ಷರ ಮುಟ್ಟೋದು ಬೇಡ, ಹೇಗಿದೆಯೋ ಹಾಗೇ ಇರಲಿ. ಇಂಗ್ಲಿಷ್ ಮಾತ್ರ ಸ್ವಲ್ಪ ಸಾಫ್ಟ್ ಮಾಡಿಬಿಡಿ," ಅಂದರು.

ನನ್ನ ಕೆಲಸ ಸರ್‌ಟೈಟಲ್. ವೇದಿಕೆಯ ನೆತ್ತಿಯ ಮೇಲೆ ಉದ್ದನೆಯ ಕಪ್ಪು ಪರದೆ ಕಟ್ಟಿರುತ್ತಾರೆ. ಕೆಳಗೆ ನಟರು ಕನ್ನಡದಲ್ಲಿ ಆಡಿದ್ದು ಮೇಲೆ ಇಂಗ್ಲಿಷಿನಲ್ಲಿ ಕಾಣಬೇಕು. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ಹೆಚ್ಚೆಂದರೆ ನಲವತ್ತು ಅಕ್ಷರ. ಅದಕ್ಕಿಂತ ಉದ್ದವಾದರೆ ಜನ ಓದುವುದರಲ್ಲೇ ಮುಳುಗಿ ನಟರ ಮುಖ ನೋಡುವುದನ್ನು ಬಿಟ್ಟುಬಿಡುತ್ತಾರೆ. ಸ್ಕ್ರಿಪ್ಟಿನ ಅಂಚಿನಲ್ಲಿ ಪ್ರತಿ ಮಾತಿನ ಎದುರಿಗೆ ಪೆನ್ಸಿಲಿನಲ್ಲಿ ಸ್ಲೈಡಿನ ಸಂಖ್ಯೆ ಬರೆದುಕೊಂಡಿರುತ್ತೇನೆ. ಮೌನಕ್ಕೆ ಖಾಲಿ ಕಪ್ಪು ಸ್ಲೈಡು. ನಟ ಬಾಯಿ ತೆರೆದ ಮೇಲೆಯೇ ಬಟನ್ ಒತ್ತಬೇಕು. ಮೊದಲೇ ಒತ್ತಿದರೆ ಜೋಕು ಹೇಳುವ ಮುಂಚೆ ಜನ ನಕ್ಕು ನಟ ಪೆಚ್ಚಾಗುತ್ತಾನೆ. ತಡವಾದರೆ ಅಳುವ ದೃಶ್ಯದ ಮೇಲೆ ಹಳೆಯ ಜೋಕು ನೇತಾಡುತ್ತಿರುತ್ತದೆ. ಸಭಾಂಗಣದ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು ಎರಡು ಗಂಟೆ ಕಾಲ ಮಾಡುವ ಒಂದು ಬೆರಳಿನ ಕೆಲಸ. ಕೆಟ್ಟಾಗ ಮಾತ್ರ ಜನರಿಗೆ ನನ್ನ ನೆನಪು ಬರುತ್ತದೆ.

ಈ ಇಂಗ್ಲಿಷ್ ಅಮೆರಿಕನ್ನರಿಗೆ ಎಂದು ಹೊರಗಿನವರು ಅಂದುಕೊಳ್ಳಬಹುದು. ನಮ್ಮ ನಾಟಕಕ್ಕೆ ಬರುವ ಅಮೆರಿಕನ್ನರು ಬೆರಳೆಣಿಕೆಯವರು. ಸರ್‌ಟೈಟಲ್ ಇರುವುದು ನಮ್ಮ ಮಕ್ಕಳಿಗೆ. ಇಲ್ಲೇ ಹುಟ್ಟಿದವರು, ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುವವರು. ಊಟ, ನಿದ್ದೆ, ಬೈಗುಳದ ಕನ್ನಡ ತಿಳಿಯುತ್ತದೆ. ನಾಟಕದ ಕನ್ನಡ ಬಂತೆಂದರೆ ಫೋನು ತೆಗೆಯುತ್ತಾರೆ. ಅವರ ತಲೆ ಮೇಲೇಳುವಂತೆ ಮಾಡುವುದು ನನ್ನ ಎರಡು ಸಾಲು.

ನಾಟಕದ ಹೆಸರು 'ಮುಂದಿನ ಕಿಟಕಿ'. ಬರೆದವರೂ ನಿರ್ದೇಶಿಸಿದವರೂ ಒಬ್ಬರೇ, ಮೈಸೂರಿನ ಕಡೆಯ ನಿವೃತ್ತ ಹಿರಿಯರು. ಒಂದು ಊರು. ಅಲ್ಲಿ ಪ್ರತಿಯೊಬ್ಬರೂ ಅರವತ್ತು ದಿನಕ್ಕೊಮ್ಮೆ ಕಿಟಕಿಯೊಂದರ ಮುಂದೆ ನಿಂತು ತಾವು ಆ ಊರಿನವರೇ ಎಂದು ಸಾಬೀತು ಮಾಡಬೇಕು. ಕಿಟಕಿಯ ಒಳಗಿನ ಗುಮಾಸ್ತ ಎಲ್ಲ ಕಾಗದ ನೋಡಿ ಕೊನೆಗೆ, "ಮುಂದಿನ ಕಿಟಕಿಗೆ ಹೋಗಿ," ಅನ್ನುತ್ತಾನೆ. ಯಾವ ಊರೆಂದು ನಾಟಕದಲ್ಲಿ ಎಲ್ಲೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಸಾಲಿನಲ್ಲಿ ನಿಲ್ಲುವವರಲ್ಲಿ ಒಬ್ಬಳು ಗದಗಿನವಳು. ನಮ್ಮ ತಂಡದ ಅತ್ಯುತ್ತಮ ನಟಿ. ಗಂಡ ಹೆಂಡತಿ ಸೇರಿ ಸಬರ್ಬಿನ ಸ್ಟ್ರಿಪ್ ಮಾಲ್ ಒಂದರಲ್ಲಿ ದಿನಸಿ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಆಡಿದ್ದು ಕನ್ನಡ ನಾಟಕ. ತಾಲೀಮಿನ ಎರಡನೇ ವಾರ ನಿರ್ದೇಶಕರು ಪ್ರತಿಯೊಬ್ಬರಿಗೂ ತಂತಮ್ಮ ಕಿಟಕಿಯ ಅನುಭವ ಹೇಳಿ ಅಂದಾಗ ಅವಳು ಎದ್ದು ನಿಂತು ತನ್ನ ತಂದೆಯ ಕತೆ ಹೇಳಿದಳು. ಎಂಟು ವರ್ಷದ ಹಿಂದೆ ಅವರು ಮಗಳನ್ನು ನೋಡಲು ವೀಸಾ ಪಡೆದು ಬಂದಿದ್ದರು. ವಿಮಾನ ಇಳಿದದ್ದು ಬೆಳಿಗ್ಗೆ ಹತ್ತಕ್ಕೆ. ಅವಳು ಸಂಜೆಯವರೆಗೆ ಹೊರಗೆ ನಿಂತಳು. ಒಳಗೆ ಅಧಿಕಾರಿಗಳು ಅವರ ಫೋನು ಕಸಿದು, ನೆಂಟರ ಹೆಸರುಗಳನ್ನೆಲ್ಲ ಕೇಳಿ, ಅದೇ ದಿನದ ವಿಮಾನದಲ್ಲಿ ವಾಪಸು ಹತ್ತಿಸಿದ್ದರು. ಮರುವರ್ಷ ಅವರು ಗದಗಿನಲ್ಲಿ ತೀರಿಕೊಂಡರು. ಇಲ್ಲಿ ನೆಲೆಸುವ ಇವಳ ಕಾಗದಪತ್ರಗಳು ಆಗ ಅರ್ಧದಲ್ಲಿದ್ದವು, ದೇಶ ಬಿಟ್ಟು ಹೋಗಲಾಗಲಿಲ್ಲ. ನಿರ್ದೇಶಕರು ಒಂದು ಮಾತೂ ತಿದ್ದದೆ ಅದನ್ನೇ ನಾಟಕಕ್ಕೆ ತೆಗೆದುಕೊಂಡರು.

ಪಟ್ಟಿಯ ಹನ್ನೊಂದರಲ್ಲಿ ಹತ್ತು ಸ್ಲೈಡು ಕಿಟಕಿಯ ಕಾರುಬಾರನ್ನು ಗೇಲಿ ಮಾಡುವ ಮಾತುಗಳು. ಹನ್ನೊಂದನೆಯದು 214ನೇ ಸ್ಲೈಡು, ಗದಗಿನವಳದು. ವೇದಿಕೆಯ ಮೇಲೆ ಅವಳು ಆಡುತ್ತಿದ್ದದ್ದು ಇಷ್ಟು: "ಆ ಬಾಗಲಾ ತಗೀಲೇ ಇಲ್ರಿ. ಆಚೀಕಿಂದನ ನಮ್ಮ ಅಬ್ಬಾನ್ನ ಹೊಳ್ಳಿ ಕಳಿಸಿದ್ರು. ನಾ ಈಚೀಕ ಅವರ ಸಲುವಾಗಿ ತಂದ ಕೋಟ್ ಹಿಡಕೊಂಡು ನಿಂತಿದ್ನಿ." ಅದರ ಇಂಗ್ಲಿಷಿಗೆ ಪಟ್ಟಿಯಲ್ಲಿ ಸೂಚಿಸಿದ್ದ ಬದಲಿ ಸಾಲಿನ ಅರ್ಥ, ನನ್ನ ತಂದೆಯ ಪ್ರಯಾಣಕ್ಕೆ ಅಡಚಣೆಯಾಯಿತು, ನನಗೆ ಬೇಸರವಾಯಿತು.

ನಾನು ಸುಮ್ಮನೆ ತಲೆಯಾಡಿಸಿದೆ ಅಂದುಕೊಳ್ಳಬೇಡಿ, ಜಗಳವಾಡಿದೆ. ಕಾರ್ಯದರ್ಶಿಗಳ ಹತ್ತಿರ ಕಾರಣಗಳ ಮೂಟೆಯೇ ಇತ್ತು. ಮುಖ್ಯ ಅತಿಥಿಯಾಗಿ ಇಲ್ಲಿನ ಜನಪ್ರತಿನಿಧಿಯೊಬ್ಬರು ಬರುತ್ತಿದ್ದಾರೆ. ಸಭೆಯಲ್ಲಿ ಎಲ್ಲರ ಕೈಯಲ್ಲೂ ಫೋನು. ಕೆಳಗೆ ನಟರ ಮುಖ, ಮೇಲೆ ಇಂಗ್ಲಿಷ್ ಸಾಲು, ಎರಡೂ ಒಂದೇ ಫೋಟೋದಲ್ಲಿ ಸಿಕ್ಕಿ ಎಲ್ಲೆಲ್ಲಿಗೋ ಹೋಗುತ್ತದೆ. ಕನ್ನಡ ಯಾರಿಗೆ ಅರ್ಥವಾಗುತ್ತದೆ, ಇಂಗ್ಲಿಷ್ ಎಲ್ಲರಿಗೂ ಅರ್ಥವಾಗುತ್ತದೆ. ತಂಡದಲ್ಲಿ ಕೆಲಸ ಹೋಗಿ, ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕಾದ ದಂಪತಿ ಇದ್ದಾರೆ, ಅವರ ಗತಿಯೇನು? ಈ ಕೊನೆಯ ಮಾತು ಸುಳ್ಳಲ್ಲ. ಆ ದಂಪತಿಯ ಮುಖ ನೆನೆದು ನಾನು ಮೆತ್ತಗಾದೆ. ಆದರೂ 214 ಮಾತ್ರ ಆಗದು ಅಂದೆ.

"ಅವರನ್ನ ಕೇಳಿದೀವಿ ಮೇಡಂ, ಅವರು ಒಪ್ಪಿದಾರೆ," ಅಂದರು ಕಾರ್ಯದರ್ಶಿಗಳು.

ಅವಳು ಹತ್ತು ಹೆಜ್ಜೆ ಆಚೆ ನಿಂತು ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದಳು. ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಒಪ್ಪಿದ್ದಾಳೆ ಎನ್ನುವುದು ಅಷ್ಟು ಹೊತ್ತಿನ ಜಗಳದಿಂದ ಹೊರಬರಲು ನನಗೆ ಸಿಕ್ಕ ಸಲೀಸಾದ ದಾರಿ. ಮನೆಗೆ ಹೋಗಿ ಹನ್ನೊಂದು ಸ್ಲೈಡನ್ನೂ ಬದಲಾಯಿಸಿ ಫೈಲ್ ಕಳಿಸಿದೆ. ಕಾರ್ಯದರ್ಶಿಗಳು ಹೆಬ್ಬೆರಳಿನ ಚಿತ್ರ ಕಳಿಸಿದರು.

ಈ ದೇಶದಲ್ಲಿ ನಾವು ಎರಡು ಬಾಯಿ ಇಟ್ಟುಕೊಂಡು ಬದುಕುತ್ತಿದ್ದೇವೆ. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರ ಬಗ್ಗೆ ಅವರೆದುರೇ ಕನ್ನಡದಲ್ಲಿ ಏನು ಬೇಕಾದರೂ ಅನ್ನುತ್ತೇವೆ, ನಗುತ್ತೇವೆ. ಪಾಟ್‌ಲಕ್ ಊಟಗಳಲ್ಲಿ ತಟ್ಟೆ ಹಿಡಿದು ನಿಂತು ವಾಷಿಂಗ್ಟನ್ನಿನವರನ್ನೆಲ್ಲ ಕನ್ನಡದಲ್ಲಿ ಹಿಗ್ಗಾಮುಗ್ಗಾ ಬೈಯುತ್ತೇವೆ. ಪಕ್ಕದ ಮನೆಯ ಬಿಳಿಯರು ಬಂದರೆ ತಕ್ಷಣ ಹವಾಮಾನದ ಮಾತು. ಇದನ್ನು ಜಾಣತನ ಅಂದುಕೊಂಡಿದ್ದೆವು. ಆದರೆ ಈ ಜಾಣತನದ ಎರಡನೇ ಬಾಯಿಯನ್ನು ಮಾತ್ರ ಕೇಳಿಸಿಕೊಂಡು ಬೆಳೆದವರು ನಮ್ಮ ಮಕ್ಕಳು. ನಮ್ಮ ಕೋಪ ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ನಮ್ಮ ಹವಾಮಾನ.

ಶಿಕಾಗೋ ಪ್ರದರ್ಶನ ಹೈಸ್ಕೂಲೊಂದರ ಸಭಾಂಗಣದಲ್ಲಿ, ಶನಿವಾರ ಮಧ್ಯಾಹ್ನ. ಜನಪ್ರತಿನಿಧಿಗಳಿಗೆ ಶಾಲು, ಹಾರ, ಮೈಸೂರು ಪೇಟ. ಅವರು ಕೈಮುಗಿದು ನಮಸ್ತೆ ಅಂದದ್ದಕ್ಕೇ ಚಪ್ಪಾಳೆಯೋ ಚಪ್ಪಾಳೆ. ನಮ್ಮ ಸಂಸ್ಕೃತಿ ಈ ದೇಶವನ್ನು ಶ್ರೀಮಂತಗೊಳಿಸಿದೆ ಎಂದರು. ಸಂಸ್ಕೃತಿ ಅಂದರೆ ಅವರಿಗೆ ಕುಣಿತ ಮತ್ತು ಸಮೋಸ. ನಾವೂ ಅವರಿಗೆ ಅಷ್ಟನ್ನೇ ತೋರಿಸುತ್ತಾ ಬಂದಿದ್ದೇವೆ, ಅವರನ್ನೇಕೆ ಬೈಯಲಿ.

ನಾಟಕ ಸಲೀಸಾಗಿ ಸಾಗಿತು. ಗುಮಾಸ್ತನ ಪಾತ್ರದವರು ಅಲ್ಲಲ್ಲಿ ಸ್ವಂತ ಮಾತು ಸೇರಿಸಿ, ಬರೆದ ಮಾತು ಬಿಟ್ಟು ನನ್ನನ್ನು ಮೂರು ಸಲ ಸ್ಲೈಡು ಹಾರಿಸುವಂತೆ ಮಾಡಿದರು. 213 ಬಂತು. ಗದಗಿನವಳು ಕಿಟಕಿಯ ಮುಂದೆ ನಿಂತಳು. ಎರಡು ಕೈಯನ್ನೂ ಮುಂದೆ ಚಾಚಿ, ಇಲ್ಲದ ಕೋಟನ್ನು ಹಿಡಿದುಕೊಂಡಂತೆ ನಿಂತು ಆ ಮಾತು ಆಡಿದಳು. ನಾನು ಬಟನ್ ಒತ್ತಿದೆ. ನನ್ನ ತಂದೆಯ ಪ್ರಯಾಣಕ್ಕೆ ಅಡಚಣೆಯಾಯಿತು.

ಗಾಜಿನ ಹಿಂದಿನಿಂದ ನನಗೆ ಇಡೀ ಸಭೆಯ ಬೆನ್ನು ಕಾಣುತ್ತದೆ. ದೊಡ್ಡವರ ಸಾಲುಗಳಲ್ಲಿ ಕರವಸ್ತ್ರಗಳು ಕಣ್ಣಿಗೆ ಹೋದವು. ಮಕ್ಕಳ ಸಾಲುಗಳಲ್ಲಿದ್ದವರು ಒಂದು ಕ್ಷಣ ತಲೆ ಎತ್ತಿ ಓದಿ, ಮತ್ತೆ ಫೋನಿಗೆ ಬಗ್ಗಿದರು. ಜನಪ್ರತಿನಿಧಿಗಳು ಪರದೆ ನೋಡಿ ಸಹಾನುಭೂತಿಯಿಂದ ತಲೆಯಾಡಿಸಿದರು, ವಿಮಾನ ತಡವಾದವರಿಗೆ ತೋರಿಸುವಷ್ಟು. ಒಂದೇ ಸಭಾಂಗಣದಲ್ಲಿ ಎರಡು ನಾಟಕ ನಡೆಯಿತು. ಎರಡನೆಯದನ್ನು ಬರೆದವಳು ನಾನು. ವೇದಿಕೆಯ ಮೇಲಿದ್ದವಳಿಗೆ ಅದು ಗೊತ್ತೇ ಆಗಲಿಲ್ಲ. ಪರದೆ ಇರುವುದು ನಟರ ನೆತ್ತಿಯ ಮೇಲೆ. ಅವರು ಸಭೆಯತ್ತ ಮುಖ ಮಾಡಿರುತ್ತಾರೆ. ತಮ್ಮ ಮಾತು ಮೇಲೆ ಏನಾಗಿದೆಯೆಂದು ಅವರಿಗೆ ಕಾಣುವುದಿಲ್ಲ, ನಮ್ಮನ್ನು ನಂಬಿರುತ್ತಾರೆ.

ಊಟದ ಸಾಲಿನಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದಾಗ ಅವಳು ಬಣ್ಣ ಒರೆಸಿಕೊಳ್ಳದೆಯೇ ನನ್ನನ್ನು ಹುಡುಕಿಕೊಂಡು ಬಂದಳು. ಹಿಂದೆ ಅವಳ ಮಗಳು, ಹದಿನೇಳರ ಹುಡುಗಿ, ಹೈಸ್ಕೂಲಿನ ಕೊನೆಯ ವರ್ಷ. ಮಗಳು ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ತನ್ನ ಅಜ್ಜ ನಾನಾ ಅವರ ವಿಮಾನ ಡಿಲೇ ಆಗಿದ್ದಕ್ಕೆ ಇಷ್ಟೊಂದು ಅಳುವುದೇನಿದೆ ಎಂದು. ಕೆಟ್ಟತನದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

"ಅಕ್ಕಾರ, ಮ್ಯಾಲೆ ಏನ ಬಂದಿತ್ರಿ? ನನ್ನ ಮಗಳು ಏನೇನೋ ಕೇಳಾಕತ್ಯಾಳ," ಅಂದಳು.

ಅವಳಿಗೆ ಗೊತ್ತಿಲ್ಲ. ಒಪ್ಪಿದ್ದವಳು ಹೀಗೆ ಕೇಳುವುದಿಲ್ಲ. ಆ ಕ್ಷಣದಲ್ಲಿ ನನ್ನ ಬಾಯಿಂದ ಬಂದದ್ದು, ಒಂದು ಸ್ಲೈಡ್ ತಪ್ಪಿಹೋಯಿತು ಕಣಮ್ಮ, ಎಂಬ ಮಾತು. ಇಪ್ಪತ್ತು ವರ್ಷ ನಾಟಕದ ಕೆಲಸ ಮಾಡಿದ್ದೇನೆ, ತಪ್ಪಿದ ಸ್ಲೈಡುಗಳು ಬೇಕಾದಷ್ಟಿವೆ, ತಪ್ಪದ ಸ್ಲೈಡನ್ನು ತಪ್ಪಿತು ಅಂದದ್ದು ಅದೇ ಮೊದಲು. ಅವಳು ನಂಬಿದಳು. ಎರಡು ವಾರಕ್ಕೆ ಡೆಟ್ರಾಯಿಟ್ ಕಡೆಯ ಪ್ರದರ್ಶನವಿತ್ತು. "ಅಲ್ಲೆರ ಸರಿ ಬರ್ತೈತಲ್ರಿ? ಹಂಗಂದ್ರ ಇಕಿನ್ನೂ ಕರಕೊಂಡು ಬರ್ತೀನಿ," ಅಂದಳು.

ಮನೆಗೆ ಬಂದವಳೇ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ಅವಳನ್ನು ಯಾರು ಕೇಳಿದ್ದು, ಯಾವಾಗ ಕೇಳಿದ್ದು ಎಂದೆ. ಸುತ್ತಿ ಬಳಸಿ ಕೊನೆಗೆ, "ಅದರಲ್ಲಿ ಕೇಳೋ ಅಂಥದ್ದೇನಿದೆ ಮೇಡಂ? ಸರ್‌ಟೈಟಲ್ ಟೆಕ್ನಿಕಲ್ ವಿಷಯ ಅಲ್ವಾ? ಎಲ್ಲಾ ಅವರ ಒಳ್ಳೇದಕ್ಕೇ," ಅಂದರು. ಹಾಗಾದರೆ ಉಳಿದ ಹತ್ತು ಸ್ಲೈಡಿನವರನ್ನು? ಅವರನ್ನೂ ಕೇಳಿರಲಿಲ್ಲ.  ನಿರ್ದೇಶಕರಿಗೆ ಫೋನು ಮಾಡಿದರೆ ಅವರು, ನಾಟಕ ನಿಲ್ಲಬಾರದಲ್ಲಮ್ಮ, ಅಂದರು. ಪ್ರತಿಯೊಂದು ವಾಕ್ಯವನ್ನೂ ಮೂರು ಸಲ ತಿದ್ದಿ ಬರೆದ ಮನುಷ್ಯ. ಅವರ ವಾಕ್ಯಗಳ ಮೇಲೆ ಸುಳ್ಳು ಬಳಿದದ್ದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಹೊಟ್ಟೆಗೆ ಹಾಕಿಕೊಂಡಿದ್ದರು.

ಆ ವಾರ ಆಫೀಸಿನಲ್ಲೂ ಮನೆಯಲ್ಲೂ ನಾನು ಮನುಷ್ಯಳಂತಿರಲಿಲ್ಲ. ಪಾತ್ರೆ ತೊಳೆಯುವಾಗ ಕಾರ್ಯದರ್ಶಿಗಳಿಗೆ ಭಾಷಣ, ಕಾರಿನಲ್ಲಿ ನಿರ್ದೇಶಕರಿಗೆ ಭಾಷಣ. ಬೈದು ಬೈದು ಸುಸ್ತಾದ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಕೂತೆ. ಹನ್ನೊಂದು ಸ್ಲೈಡುಗಳ ಮಾತುಗಳು ಒಟ್ಟು ನಾಲ್ಕು ಜನ ನಟರ ಬಾಯಲ್ಲಿ ಹಂಚಿಹೋಗಿದ್ದವು. ಯಾರ ಬಾಯಿಂದ ಬರುತ್ತದೋ ಅವರದೇ ತೀರ್ಮಾನ ಎಂದು ನಿಶ್ಚಯಿಸಿ ಒಬ್ಬೊಬ್ಬರಿಗೂ ಫೋನು ಮಾಡಿ, ಮೂಲ ಇಂಗ್ಲಿಷ್ ಓದಿ, ಬದಲಾಯಿಸಿದ್ದು ಓದಿ, ಯಾವುದು ಬೇಕು ಎಂದು ಕೇಳಿದೆ.

ಅರವತ್ತು ದಿನದ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ವೀಡಿಯೋ ಕಾಲಿನಲ್ಲಿ ಕಂಡಿತು. ಮೆತ್ತಗಿನದೇ ಇರಲಿ ಆಂಟಿ, ಅಂದರು.  ಅವರ ಐದು ಸ್ಲೈಡು ಮೆತ್ತಗೇ ಉಳಿದವು. ಗುಮಾಸ್ತನ ಪಾತ್ರದವರು ತಮ್ಮ ಜೋಕುಗಳನ್ನು ಕೆಡಿಸಿದ್ದೇ ಗೊತ್ತಿರಲಿಲ್ಲವೆಂದು ಕೆಂಡವಾದರು. ಶಿಕಾಗೋದಲ್ಲಿ ಮಕ್ಕಳು ಯಾಕೆ ನಗಲಿಲ್ಲವೆಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದರಂತೆ. ಅವರ ಐದು ಸ್ಲೈಡು ವಾಪಸು ಬಂದವು. ಉಳಿದದ್ದು 214. ಅವಳಿಗೆ ಮಾತ್ರ ಫೋನಿನಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ಅವಳ ಗಂಡನಿಗೆ ವಾರಾಂತ್ಯ ಅಂಗಡಿ ಬಿಡಲಾಗದ್ದರಿಂದ ತಾಯಿ ಮಗಳು ಇಬ್ಬರೂ ನನ್ನ ಕಾರಿನಲ್ಲೇ ಹೊರಟರು. ಶನಿವಾರ ಬೆಳಿಗ್ಗೆ. ಪ್ರದರ್ಶನ ಭಾನುವಾರ ಮಧ್ಯಾಹ್ನ, ಫಾರ್ಮಿಂಗ್ಟನ್ ಹಿಲ್ಸ್ ಹತ್ತಿರ. ಇಂಡಿಯಾನಾ ದಾಟಿ ಮಿಶಿಗನ್ ಹೊಕ್ಕಮೇಲೂ ನನಗೆ ಬಾಯಿ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಹುಡುಗಿ ಹೆಡ್‌ಫೋನ್ ಹಾಕಿಕೊಂಡಿದ್ದಳು. ಕಲಮಜೂ ಹತ್ತಿರ ಬಂದಾಗ ಕನ್ನಡದಲ್ಲಿ ಶುರುಮಾಡಿದೆ. ಮಗಳಿಗೆ ತಿಳಿಯದಿರಲಿ ಎಂದೇ ಕನ್ನಡದಲ್ಲಿ ಶುರುಮಾಡಿದ್ದು. ಎರಡು ವಾಕ್ಯ ಆದಮೇಲೆ ನಾನು ಏನು ಮಾಡುತ್ತಿದ್ದೇನೆಂದು ನನಗೇ ಹೊಳೆದು ಹೇಸಿಗೆಯಾಯಿತು. ಆದರೂ ಮುಗಿಸಿದೆ. ಸ್ಲೈಡು ತಪ್ಪಿದ್ದಲ್ಲ, ನಾನು ಬದಲಾಯಿಸಿದ್ದು, ನೀನು ಒಪ್ಪಿದ್ದೀಯ ಎಂದರು, ನಿನ್ನನ್ನು ಕೇಳದೆ ನಂಬಿದೆ.

 ಅವಳು ಹೆದ್ದಾರಿಯ ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಲು ಹೇಳಿದಳು. ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಥಂಡಿ, ಮೇಲೆ ಗಾಳಿ. ಹುಡುಗಿ ಕಾರಿನಲ್ಲೇ ಉಳಿದಳು. ಹೊರಗಿನ ಪಿಕ್ನಿಕ್ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಸಿ, ತನ್ನ ದೃಶ್ಯದ ಒಂದೊಂದು ಸ್ಲೈಡನ್ನೂ ತುಟಿ ಅಲುಗಿಸುತ್ತಾ ಓದಿದಳು. ನಾನು ಅವಳ ಕಾಗದಪತ್ರದ ವಿಷಯ ಎತ್ತಿದೆ. ಹೆದರಿಕೆಯಿದ್ದರೆ ಮೆತ್ತಗಿನದನ್ನೇ ಇಡೋಣ, ನಾನು ತಪ್ಪು ತಿಳಿಯುವುದಿಲ್ಲ ಅಂದೆ.

"ನಂದು ಹ್ವಾದ ವರ್ಷನ ಸಿಟಿಜನ್‌ಶಿಪ್ ಆಗೇತ್ರಿ ಅಕ್ಕಾರ," ಅಂದಳು. "ಯಾರರ ಒಂದ ಮಾತು ಕೇಳಿದ್ರ ಹೇಳ್ತಿದ್ನಿ."

 ಅವಳ ಒಳ್ಳೆಯದಕ್ಕೇ ಎಂದು ನಾವು ನಾವೇ ತೀರ್ಮಾನಿಸಿದ್ದೆವು. ಅವಳ ಹೆಸರು ನೋಡಿ, ಅವಳ ಅಂಗಡಿ ನೋಡಿ, ತಂಡದಲ್ಲಿ ಅತಿ ಹೆಚ್ಚು ಹೆದರಬೇಕಾದವಳು ಅವಳೇ ಎಂದು ನಾವೆಲ್ಲ ಮನಸ್ಸಿನಲ್ಲೇ ಬರೆದುಕೊಂಡಿದ್ದೆವು. ನಾನೂ ಬರೆದುಕೊಂಡಿದ್ದೆ. ಅವಳ ಕಿಟಕಿಯ ಗುಮಾಸ್ತನಿಗಿಂತ ನಾವು ಯಾವುದರಲ್ಲಿ ಮೇಲು? ಅವನು ಕೊನೆಪಕ್ಷ ಕಾಗದ ಕೇಳಿ ನೋಡುತ್ತಾನೆ.

ಆಮೇಲೆ ಅವಳು ಮಗಳ ವಿಷಯ ಹೇಳಿದಳು. ಅಜ್ಜ ಬರಲಿಲ್ಲವೇಕೆ ಎಂದು ಒಂಬತ್ತು ವರ್ಷದ ಹುಡುಗಿ ಕೇಳಿದಾಗ, ಹುಷಾರಿಲ್ಲದೆ ಹಿಂದಿರುಗಿದರು ಎಂದು ಹೇಳಿದ್ದಳಂತೆ. ಆಮೇಲೆ ಅದನ್ನು ತಿದ್ದುವ ದಿನ ಬರಲೇ ಇಲ್ಲ. "ಮಾರಿಗೆ ಮಾರಿ ಕೊಟ್ಟು ಹೇಳಾಕ ಆಗಲಿಲ್ರಿ. ಸ್ಟೇಜ್ ಮ್ಯಾಲೆ ಆದ್ರ ಆಗ್ತೈತಿ ಅನಿಸ್ತು. ಆಕಿ ಮ್ಯಾಲೆ ಓದ್ತಾಳ, ನಾ ಕೆಳಗ ಹೇಳಿರ್ತೀನಿ." ಅಷ್ಟಕ್ಕೇ ಅವಳು ಆ ಕತೆಯನ್ನು ನಾಟಕಕ್ಕೆ ಕೊಟ್ಟದ್ದು. ಅವಳ ಮಗಳು ಓದಬೇಕಿದ್ದ ಎರಡು ಸಾಲನ್ನು ನಾನು ಅಳಿಸಿ ಹವಾಮಾನ ಬರೆದಿದ್ದೆ. ಮೂಲ ಇಂಗ್ಲಿಷನ್ನು ಅಲ್ಲೇ ವಾಪಸು ಹಾಕಿದೆವು. ಅವಳು ಒಂದು ಪದವನ್ನೂ ಬದಲಾಯಿಸಲಿಲ್ಲ. ಫೈಲ್ ಸೇವ್ ಮಾಡುವ ಬಟನ್ ಅವಳೇ ಒತ್ತಿದಳು.

ಭಾನುವಾರ ಸಭಾಂಗಣಕ್ಕೆ ಮೊದಲು ತಲುಪಿದ್ದು ನಾವೇ. ಕಷ್ಟ ಶುರುವಾದದ್ದೂ ಅಲ್ಲೇ. ಅಲ್ಲಿಯ ಪ್ರೊಜೆಕ್ಟರ್ ಹಳೆಯ ಕಾಲದ್ದು, ಚೌಕ ಚಿತ್ರದ್ದು. ನನ್ನ ಉದ್ದನೆಯ ಸ್ಲೈಡುಗಳ ಎರಡೂ ತುದಿ ಕತ್ತರಿಸಿಹೋಗುತ್ತಿದ್ದವು. ಬೂತಿನ ಕಂಪ್ಯೂಟರಿನಲ್ಲಿ ಕಾರ್ಯದರ್ಶಿಗಳು ಮೊದಲೇ ಕಳಿಸಿದ್ದ ಹಳೆಯ ಫೈಲು ಆ ಅಳತೆಗೆ ಹೊಂದಿಸಿ, ತಿದ್ದಲು ಬಾರದ ಚಿತ್ರಗಳಾಗಿ ಸಿದ್ಧವಾಗಿ ಕೂತಿತ್ತು. ಅದನ್ನು ಹಾಕಿದರೆ ಯಾವ ತೊಂದರೆಯೂ ಇಲ್ಲ. ನನ್ನದನ್ನು ಹಾಕಬೇಕೆಂದರೆ ಇಡೀ ನಾಟಕದ ಸ್ಲೈಡುಗಳ ಅಳತೆ ಬದಲಿಸಬೇಕು. ಬದಲಿಸಿದರೆ ಎರಡು ಸಾಲು ಮೂರಾಗಿ ಕೊನೆಯ ಸಾಲು ಪರದೆಯಿಂದ ಕೆಳಗೆ, ವೇದಿಕೆಯ ಕರ್ಟನ್ನಿನ ಮೇಲೆ ಬೀಳುತ್ತದೆ. ಇದ್ದದ್ದು ಎರಡೂವರೆ ಗಂಟೆ. ಅಕ್ಷರ ಸಣ್ಣದು ಮಾಡಿದರೆ ಹಿಂದಿನ ಸಾಲಿನವರಿಗೆ ಕಾಣದು. ಒಂದೊಂದೇ ಸ್ಲೈಡು ತೆಗೆದು ಪದ ಕಡಿಮೆ ಮಾಡುತ್ತಾ ಹೋದೆ. ನಡುನಡುವೆ ಕೇಬಲ್ ಸಡಿಲವಾಗಿ ಪರದೆ ನೀಲಿಗೆ ತಿರುಗುತ್ತಿತ್ತು. ಅದನ್ನು ಟೇಪಿನಲ್ಲಿ ಮೇಜಿಗೆ ಬಿಗಿದೆ. ಜನ ಒಳಗೆ ಬರಲು ಶುರುಮಾಡಿದಾಗ ನಾನಿನ್ನೂ 190ರಲ್ಲಿದ್ದೆ. ಕೊನೆಯ ದೃಶ್ಯದ ಸ್ಲೈಡುಗಳನ್ನು ಮೊದಲ ದೃಶ್ಯ ನಡೆಯುವಾಗ, ಒಂದು ಕಣ್ಣು ವೇದಿಕೆಯ ಮೇಲಿಟ್ಟು ಸರಿಮಾಡಬೇಕಾಯಿತು.

ಅಷ್ಟರಲ್ಲಿ ಕಾರ್ಯದರ್ಶಿಗಳು ಬೂತಿಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡರು. ಶಿಕಾಗೋದಲ್ಲಿ ಅವರು ಮೊದಲ ಸಾಲಿನಲ್ಲಿ ಅತಿಥಿಗಳ ಜೊತೆ ಕೂತಿದ್ದರು. ಹಳೇ ಫೈಲೇ ತಾನೇ ಎಂದು ಕೇಳಿದರು. ಅಲ್ಲ ಅಂದೆ. ಯಾರು ಯಾರನ್ನು ಕೇಳಿದೆ, ಯಾರು ಏನು ಹೇಳಿದರು, ಎಲ್ಲ ಹೇಳಿದೆ. ಪಿಸುಮಾತಿನಲ್ಲಿ ಜಗಳವಾಡುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಒಂದು ಬೆರಳು ಬಟನ್ನಿನ ಮೇಲೆ, ಕಣ್ಣು ಸ್ಕ್ರಿಪ್ಟಿನ ಮೇಲೆ, ಬಾ‌ಯಲ್ಲಿ ಬೆಂಕಿ. ಅವಳು ಸಿಟಿಜನ್, ನಿಮಗೆ ಗೊತ್ತಿತ್ತೇ ಎಂದೆ. ಗೊತ್ತಿರಲಿಲ್ಲ.  ಪ್ರೊಜೆಕ್ಟರಿನ ಸ್ವಿಚ್ಚು ಅವರ ಕೈಗೆಟುಕುವಂತಿತ್ತು.

"ಮೇಡಂ, ನಂದಿನ್ನೂ ಬಂದಿಲ್ಲ," ಅಂದರು. "ಹದಿನಾಲ್ಕು ವರ್ಷದಿಂದ ಗ್ರೀನ್‌ಕಾರ್ಡ್ ಸಾಲಲ್ಲಿದೀನಿ. ಹಾಲ್ ಬುಕ್ ಮಾಡಿರೋದು ನನ್ನ ಹೆಸರಲ್ಲಿ."

ಹೆದರಿಕೆ ಅವರದೇ ಆಗಿತ್ತು. ಅದನ್ನು ತಮ್ಮದೆನ್ನಲು ನಾಚಿ ಅವಳ ತಲೆಗೆ ಕಟ್ಟಿದ್ದರು. ಆ ಬೇಸ್‌ಮೆಂಟಿನಲ್ಲಿ ಇದನ್ನೇ ಒಂದು ಮಾತು ಹೇಳಿದ್ದರೆ ನಾನು ಅವರ ಜೊತೆ ಕೂತು ಅತ್ತುಬಿಡುತ್ತಿದ್ದೆ. ಈಗ ನನಗೆ ಕನಿಕರವೂ ಬಂತು, ಕನಿಕರ ಬಂದದ್ದಕ್ಕೆ ಸಿಟ್ಟೂ ಬಂತು.

"ಕೊನೇ ಸ್ಲೈಡಲ್ಲಿ ನಿಮ್ಮ ಹೆಸರಿದೆ, ಅದನ್ನ ತೆಗೀತೀನಿ," ಅಂದೆ. "ಅವಳ ಮಾತು ತೆಗೆಯಲ್ಲ."

ಅವರು, "ತೆಗೀರಿ," ಅಂದರು. ತಮ್ಮ ಹೆಸರಿನ ಬಗ್ಗೆ ಅಂದದ್ದು. ಎದ್ದು ಹೊರಗೆ ಹೋದರು.

213 ಬಂತು. ಗದಗಿನವಳು ಕಿಟಕಿಯ ಮುಂದೆ ಬಂದು ನಿಂತಳು. ಬಾಗಿಲಿನ ಮಾತು ಆಡಿದಳು, ಅಬ್ಬಾನ ಮಾತು ಆಡಿದಳು, ಕೋಟಿನ ಮಾತು ಆಡಿದಳು. ನಾನು ಒತ್ತಿದೆ. ಮುಂದಿನ ಸಾಲು ಗುಮಾಸ್ತನದು. ಅವನು ಬಾಯಿ ತೆರೆಯುವ ಮೊದಲೇ, ತಾಲೀಮಿನಲ್ಲಿ ಒಂದು ದಿನವೂ ಮಾಡದಿದ್ದುದನ್ನು ಅವಳು ಮಾಡಿದಳು. ಸಭೆಗೆ ಬೆನ್ನು ತಿರುಗಿಸಿ, ಎರಡು ಹೆಜ್ಜೆ ಹಿಂದೆ ಬಂದು, ತಲೆ ಎತ್ತಿ ಪರದೆಯನ್ನು ಓದಿದಳು. ಎರಡೂ ಸಾಲನ್ನು, ನಿಧಾನವಾಗಿ, ಕೊನೆಯವರೆಗೆ. ನನ್ನನ್ನು ನಂಬದೆ ನೋಡಿದ್ದು. ನಂಬಬೇಕಾದ ಅಗತ್ಯವೂ ಇರಲಿಲ್ಲ. ಸಭೆಯೂ ಅವಳ ಜೊತೆ ಮೇಲೆ ನೋಡಿತು. ಮಕ್ಕಳ ಸಾಲುಗಳಲ್ಲಿ ತಲೆಗಳು ಮೇಲೆದ್ದವು, ಕೆಳಗಿಳಿಯಲಿಲ್ಲ. ಅವಳ ಮಗಳು ಎಡಗಡೆ ಗೋಡೆಯ ಪಕ್ಕ ಕೂತಿದ್ದಳು, ಗಾಜಿನ ಹಿಂದಿನಿಂದ ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಕಪ್ಪು ಸ್ಲೈಡಿಗೆ ಹೋಗಬೇಕಾದ ಹೊತ್ತು ದಾಟಿತು. ನಾನು ಒತ್ತಲಿಲ್ಲ. ಅವಳು ಮತ್ತೆ ಸಭೆಯತ್ತ ತಿರುಗಿದ ಮೇಲೆ ಒತ್ತಿದೆ.

ನಾಟಕ ಮುಗಿದು ಸಾಮಾನು ಕಾರಿಗೆ ತುಂಬುವಾಗ ಇನ್ನೂ ಬೆಳಕಿತ್ತು. ತಾಯಿ ಒಳಗೆ ಬಣ್ಣ ತೆಗೆಯುತ್ತಿದ್ದಳು. ಹುಡುಗಿ ಪಾರ್ಕಿಂಗ್ ಲಾಟಿನಲ್ಲಿ ನನ್ನೆದುರು ಬಂದು ನಿಂತಳು. ಕಣ್ಣು ಕೆಂಪಾಗಿದ್ದವು. ಶಿಕಾಗೋದಲ್ಲಿ ಬಂದಿತ್ತಲ್ಲ ಆಂಟಿ, ಡಿಲೇ ಅಂತ, ಅದನ್ನು ಬರೆದವರೂ ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಅಂದೆ. ಯಾರಾದರೂ ನಿಮ್ಮನ್ನು ಬಲವಂತ ಮಾಡಿದ್ದರಾ ಅಂದಳು.

ಎರಡು ವಾರ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿದ ಭಾಷಣಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಕಾರ್ಯದರ್ಶಿ, ನಿರ್ದೇಶಕ, ಜನಪ್ರತಿನಿಧಿ, ಫೋನುಗಳು, ವಾಷಿಂಗ್ಟನ್ನು. ಹನ್ನೆರಡು ವರ್ಷದಿಂದ ನಾನು ಈ ದೇಶದ ಪ್ರಜೆ. ಆ ಎರಡು ಸಾಲು ಬರೆದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಹತ್ತು ಹೆಜ್ಜೆ ನಡೆದು ಹೋಗಿ ಅವಳ ತಾಯಿಯನ್ನು ಕೇಳಿದ್ದರೂ ಏನೂ ಆಗುತ್ತಿರಲಿಲ್ಲ.

ಇಲ್ಲ ಅಂದೆ.

ಹುಡುಗಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಓಕೆ ಅಂದು ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತಳು. ತಾಯಿ ಬಂದಾಗ ಅವಳನ್ನು ಮುಂದೆ ಕೂರಲು ಬಿಡದೆ ತನ್ನ ಪಕ್ಕಕ್ಕೆ ಕರೆದಳು. ಫ್ರೀವೇ ಹತ್ತುವ ಮೊದಲೇ ಶುರುವಾಯಿತು. ಯಾವ ಬಾಗಿಲು, ಯಾವ ಟರ್ಮಿನಲ್, ಒಳಗೆ ಅವರಿಗೆ ಊಟ ಕೊಟ್ಟಿದ್ದರಾ, ಆಮೇಲೆ ಫೋನಿನಲ್ಲಿ ಏನು ಹೇಳಿದರು, ನನ್ನ ಬಗ್ಗೆ ಕೇಳಿದರಾ. ಮಗಳು ಕೇಳಿದ್ದು ಇಂಗ್ಲಿಷಿನಲ್ಲಿ, ತಾಯಿ ಹೇಳಿದ್ದು ಅವರ ಮನೆಯ ಉರ್ದುವಿನಲ್ಲಿ. ಐದು ಗಂಟೆಯ ದಾರಿ. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ. ಪ್ರಶ್ನೆಗಳೆಲ್ಲ ನನಗೆ ಅರ್ಥವಾದವು, ಉತ್ತರಗಳು ಆಗಲಿಲ್ಲ. ಏನೆಂದರು ಎಂದು ಕೇಳುವ ಮುಖ ನನಗಿರಲಿಲ್ಲ.